ಮೀನೆಣ್ಣೆ ಟ್ಯಾಂಕಿನ ಶ್ರುತಿ

ಉತ್ತರದ ತಣ್ಣನೆಯ ಕಡಲಿನಲ್ಲಿ ಐಸ್‌ಲ್ಯಾಂಡ್ ಎಂಬ ನಾಡಿದೆ. ಅಲ್ಲಿ ಗಾಳಿಗೆ ಬಿಡುವಿಲ್ಲ, ಬೇಸಿಗೆಗೆ ಇರುಳಿಲ್ಲ.

ಆ ನಾಡಿನ ಒಂದು ಹೊಳೆ ಹಿಮವನ್ನು ಕರಗಿಸಿಕೊಂಡು ಬಂದು ಕಡಲನ್ನು ಸೇರುವಲ್ಲಿ, ನೀರು ಬೂದಿ ಕಲಸಿದ ಹಾಲಿನಂತೆ ಕಾಣುವ ಕಡೆ, ಯೋರುನ್ ಎಂಬ ಸಂಗೀತಗಾರ್ತಿ ವಾಸವಾಗಿದ್ದರು. ಅವರಿಗೆ ಅರವತ್ತೊಂಬತ್ತು ವರ್ಷ.

ದಾಗುರ್ ಎಂಬ ತರುಣ ಅವರ ಶಿಷ್ಯ. ಎರಡು ವರ್ಷದಿಂದ ಅವರ ಬಳಿಯಿದ್ದ.

ಆ ನಾಡಿನಲ್ಲಿ ಗುರುವನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ದೇಶವನ್ನಾಳುವವರನ್ನೂ ಹಾಗೆಯೇ. ಅದು ಅಗೌರವವಲ್ಲ. ಗೌರವವನ್ನು ಅವರು ಬೇರೆ ಕಡೆ ಇಟ್ಟುಕೊಂಡಿರುತ್ತಾರೆ.

ಹೊಳೆಯ ದಡದಲ್ಲಿ ಮೂರು ಮಹಡಿಯ ಎತ್ತರದ ಒಂದು ಉಕ್ಕಿನ ಟ್ಯಾಂಕು. ಹಿಂದೆ ಅದರಲ್ಲಿ ಮೀನೆಣ್ಣೆ ತುಂಬುತ್ತಿದ್ದರು. ಮೀನು ಬರುವುದು ನಿಂತಿತು, ಕಾರ್ಖಾನೆ ಮುಚ್ಚಿತು, ಟ್ಯಾಂಕು ಉಳಿಯಿತು. ಅದರೊಳಗೆ ಒಂದು ಸ್ವರ ನುಡಿಸಿದರೆ ಅದು ಹನ್ನೊಂದು ಸೆಕೆಂಡು ಆರದೆ ನಿಲ್ಲುತ್ತಿತ್ತು.

ಯೋರುನ್ ಅವರ ಸಂಗೀತವೆಲ್ಲ ಆ ಹನ್ನೊಂದು ಸೆಕೆಂಡುಗಳಲ್ಲಿ ಹುಟ್ಟಿದ್ದು. ಅದರಲ್ಲಿ ಮಾತಿರಲಿಲ್ಲ. ಗಿಟಾರಿನ ತಂತಿಯನ್ನು ಮೀಟುತ್ತಿರಲಿಲ್ಲ, ಕಮಾನಿನಿಂದ ಉಜ್ಜುತ್ತಿದ್ದರು. ಪಿಟೀಲುಗಳು ಮಂಜು ಏಳುವಂತೆ ಏಳುತ್ತಿದ್ದವು. ಇವೆಲ್ಲದರ ಅಡಿಯಲ್ಲಿ ಯೋರುನ್ ತಾವೇ ನುಡಿಸುವ ಹಾರ್ಮೋನಿಯಂ. ಅದು ಕಾಲಿನಿಂದ ತಿದಿಯೊತ್ತುವ ವಾದ್ಯ. ನಮ್ಮ ನಾಟಕ ಕಂಪನಿಗಳಲ್ಲಿದ್ದ ಕಾಲುಪೆಟ್ಟಿಗೆಗೆ ಅಕ್ಕನಂಥದು.

ಹನ್ನೆರಡು ವರ್ಷದಿಂದ ಅವರ ಆಲ್ಬಂ ಬಂದಿರಲಿಲ್ಲ. ಈಗ ಒಂದು ಸಿದ್ಧವಾಗಿತ್ತು. ನಲವತ್ತನಾಲ್ಕು ನಿಮಿಷದ ಒಂದೇ ಕೃತಿ. ಅದರ ಒಂದೊಂದು ಸ್ವರವನ್ನೂ ಕಾಗದಕ್ಕೆ ಇಳಿಸಿದವನು ದಾಗುರ್.

ಆಗಸ್ಟಿನಲ್ಲಿ ಪಟ್ಟಣದಿಂದ ಹದಿನೆಂಟು ವಾದಕರು ಬರಬೇಕು. ಒಂದೇ ದಿನದಲ್ಲಿ ನುಡಿಸಿ, ಮುದ್ರಿಸಿ ಹೋಗಬೇಕು. ಎರಡನೆಯ ದಿನಕ್ಕೆ ಅವರು ಸಿಗುವುದಿಲ್ಲ. ಅಭ್ಯಾಸವನ್ನು ಮುದ್ರಿಸಕೂಡದು ಎಂಬುದು ಯೋರುನ್ ಅವರ ಕಟ್ಟಳೆ. ಆದ್ದರಿಂದ ಆ ಒಂದು ದಿನವೇ ಎಲ್ಲ.

"ಇದು ನನ್ನ ಕೊನೆಯದು" ಎಂದಿದ್ದರು ಯೋರುನ್.

ಜುಲೈ ತಿಂಗಳ ಒಂದು ಮಧ್ಯಾಹ್ನ ದಾಗುರ್ ಕೇಳಿದ:

"ಯೋರುನ್, ನಿಮ್ಮ ಹಾರ್ಮೋನಿಯಂ ಇರಬೇಕಾದ ಶ್ರುತಿಗಿಂತ ಇಳಿದಿದೆ. ನಿಮಗೆ ಗೊತ್ತೇ?"

"ಯಾರು ಹೇಳಿದರು?"

ಅವನು ಜೇಬಿನಿಂದ, ಟ್ಯೂನಿಂಗ್ ಫೋರ್ಕ್ ಎನ್ನುವ ಉಕ್ಕಿನ ಶ್ರುತಿಕವೆಯನ್ನು ತೆಗೆದ. ಮೊಣಕಾಲಿಗೆ ಬಡಿದು ಹಿಡಿದ. ಜಗತ್ತಿನ ವಾದ್ಯಗಳೆಲ್ಲ ಒಪ್ಪಿಕೊಂಡ ಒಂದು ಸ್ವರವನ್ನು ಅದು ನುಡಿಯಿತು.

"ಇದು ಹೇಳಿತು."

"ಒಳ್ಳೆಯದು. ಅದಕ್ಕೆ ಊಟದ ಖರ್ಚೂ ಇಲ್ಲ. ಶಿಷ್ಯನನ್ನಾಗಿ ಅದನ್ನೇ ಇಟ್ಟುಕೊಳ್ಳಬೇಕಿತ್ತು."

"ನಾನು ತಮಾಷೆ ಮಾಡುತ್ತಿಲ್ಲ."

"ನಾನೂ ಮಾಡುತ್ತಿಲ್ಲ. ಟ್ಯಾಂಕಿನೊಳಗೆ ಹೋಗಿ ಕೂರು. ಏನು ಕೇಳಿಸಿತೆಂದು ಬಂದು ಹೇಳು."

ಅವನು ಹೋದ. ಒಂದು ತಾಸು ಕುಳಿತು ಬಂದ.

"ಕೇಳಿಸಿತೇ?"

"ಚಪ್ಪಾಳೆ ತಟ್ಟಿದೆ. ನಾದ ಹನ್ನೊಂದು ಸೆಕೆಂಡು ನಿಂತಿತು."

"ಮತ್ತೆ?"

"ಮತ್ತೇನೂ ಇಲ್ಲ."

"ಹೋಗಿ ಕೂರು."

ಎರಡನೆಯ ಸಲ ಬಂದ. "ಮಧ್ಯದಲ್ಲಿ ಹನ್ನೊಂದು. ಗೋಡೆಯ ಬದಿಯಲ್ಲಿ ಹತ್ತೂವರೆ."

"ಮತ್ತೆ?"

"ಮತ್ತೇನಿರುತ್ತದೆ ಅಲ್ಲಿ? ಗೋಡೆಯಲ್ಲಿ ಒಂದು ತುಕ್ಕು ಹಿಡಿದ ಕೊಳವೆಯಿದೆ. ಗಾಳಿ ಬೀಸಿದಾಗೆಲ್ಲ ಗುಂಯ್‌ ಎನ್ನುತ್ತಿರುತ್ತದೆ. ಆ ಗದ್ದಲದಲ್ಲಿ ಯಾವುದನ್ನೂ ಸರಿಯಾಗಿ ಕೇಳಲಾಗುವುದಿಲ್ಲ."

ಯೋರುನ್ ಅವನನ್ನು ಸ್ವಲ್ಪ ಹೊತ್ತು ನೋಡಿದರು.

"ಹೋಗಿ ಕೂರು" ಎಂದರು.

ಮೂರನೆಯ ಸಲ ಅವನು ಹೋಗಲಿಲ್ಲ. ಹೊಳೆಯ ಕಡೆ ನಡೆದ. ಗುರುಗಳು ತನ್ನ ತಾಳ್ಮೆಯನ್ನು ಅಳೆಯುತ್ತಿದ್ದಾರೆ ಎಂದುಕೊಂಡ. ಅವನ ತಾಳ್ಮೆಗೆ ಕೊರತೆಯಿರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆಯೊಂದು ಅವನಿಗಿತ್ತು.

ಆ ಬೇಸಿಗೆಯಲ್ಲಿ ಅವನು ಕೆಲವನ್ನು ಗಮನಿಸಿದ್ದ. ಒಲೆಯ ಮೇಲೆ ಕೆಟಲು ಸಿಳ್ಳೆ ಹಾಕುತ್ತಿದ್ದರೂ ಯೋರುನ್ ಏಳುತ್ತಿರಲಿಲ್ಲ. ಬಾಗಿಲು ಬಡಿದರೆ ತಿರುಗುತ್ತಿರಲಿಲ್ಲ. ಮಾತನಾಡುವವರ ತುಟಿಯನ್ನೇ ನೋಡುತ್ತಿದ್ದರು.

ಅವರ ಕಿವಿ ಮಂದವಾಗುತ್ತಿತ್ತು. ಹಾರ್ಮೋನಿಯಂ ಇಳಿದಿರುವುದು ಅವರಿಗೆ ಕೇಳಿಸುತ್ತಲೇ ಇಲ್ಲ. ಹದಿನೆಂಟು ಮಂದಿ ಪಟ್ಟಣದಿಂದ ಬಂದು ಕೂತು, ಒಂದು ಸ್ವರ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರೆ?

ಆ ನೋಟವನ್ನು ತಪ್ಪಿಸುವುದೇ ಶಿಷ್ಯನ ಧರ್ಮ ಎಂದು ದಾಗುರ್ ನಿಶ್ಚಯಿಸಿದ.

ಆಗಸ್ಟಿನ ಮೊದಲ ವಾರ ಯೋರುನ್ ವಾದಕರೊಡನೆ ಅಭ್ಯಾಸ ಮಾಡಲು ಪಟ್ಟಣಕ್ಕೆ ಹೊರಟರು.

"ನಾಲ್ಕು ದಿನ" ಎಂದರು. "ಟ್ಯಾಂಕನ್ನು ಗುಡಿಸಿಡು."

"ಹಾರ್ಮೋನಿಯಂ ನೋಡಿಕೊಳ್ಳುತ್ತೇನೆ."

"ಅದು ತನ್ನನ್ನು ತಾನು ನೋಡಿಕೊಳ್ಳುತ್ತದೆ. ನೀನು ಗುಡಿಸು."

ಬಸ್ಸು ಹೋದ ಮೇಲೆ ದಾಗುರ್ ಹಾರ್ಮೋನಿಯಮ್ಮಿನ ಹಿಂಬದಿಯ ಹಲಗೆಯನ್ನು ಬಿಚ್ಚಿದ. ಒಳಗೆ ಅರವತ್ತೊಂದು ಹಿತ್ತಾಳೆಯ ನಾಲಿಗೆಗಳು. ಗಾಳಿ ತಾಗಿದಾಗ ಅದುರಿ ಸ್ವರವಾಗುವಂಥವು. ಮೂಲೆಯಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಅರವೂ ಇತ್ತು. ಹಿಡಿಯ ಮರ ಕೈಬೆವರಿನಿಂದ ಕಪ್ಪಾಗಿತ್ತು.

ನಾಲಿಗೆಯ ಬುಡವನ್ನು ಅರದಿಂದ ಉಜ್ಜಿದರೆ ಸ್ವರ ಇಳಿಯುತ್ತದೆ. ತುದಿಯನ್ನು ಉಜ್ಜಿದರೆ ಏರುತ್ತದೆ. ಇದು ಅವನಿಗೆ ಗೊತ್ತಿತ್ತು. ಉಜ್ಜಿದ ಹಿತ್ತಾಳೆ ಮರಳಿ ಬರುವುದಿಲ್ಲವೆಂಬುದೂ ಗೊತ್ತಿತ್ತು.

ಶ್ರುತಿಕವೆಯನ್ನು ಪಕ್ಕಕ್ಕಿಟ್ಟುಕೊಂಡು ಅವನು ಅರವತ್ತೊಂದು ತುದಿಗಳನ್ನೂ ಉಜ್ಜಿದ. ಎರಡು ದಿನ ಹಿಡಿಯಿತು. ಪ್ರತಿ ಸ್ವರವೂ ಸರಿಯಾಯಿತು.

ಮೂರನೆಯ ದಿನ ಓಡ್ಡುರ್‌ನ ಮನೆಗೆ ಹೋದ. ಓಡ್ಡುರ್ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಆ ದಡದಲ್ಲಿ ಅವರಿಗಿದ್ದ ಒಬ್ಬನೇ ನೆರೆಯವನು.

"ಉಕ್ಕು ಕತ್ತರಿಸುವ ಗರಗಸ ಬೇಕು. ವೆಲ್ಡಿಂಗ್ ಯಂತ್ರವೂ ಬೇಕು."

"ಏನು ಕೆಲಸ?"

"ಟ್ಯಾಂಕಿನ ಆ ಹಳೆಯ ಕೊಳವೆಯನ್ನು ತೆಗೆದು ತಗಡು ಮುಚ್ಚಬೇಕು."

"ಯೋರುನ್‌ಗೆ ಗೊತ್ತೇ?"

"ಬಂದಾಗ ಅವರಿಗೆ ಆಶ್ಚರ್ಯವಾಗಲಿ ಎಂದು."

ಓಡ್ಡುರ್ ಗಡ್ಡ ಕೆರೆದುಕೊಂಡ. "ಆಕೆಗೆ ಎಪ್ಪತ್ತಾಗುತ್ತ ಬಂತು. ಆಶ್ಚರ್ಯಗಳು ಸಾಕಷ್ಟು ಆಗಿರಬೇಕು."

ಆದರೂ ಕೊಟ್ಟ. ಕೇಳಿದವರಿಗೆ ಉಪಕರಣ ಇಲ್ಲವೆನ್ನುವುದು ಆ ದಡದ ರೂಢಿಯಲ್ಲ.

ಕೊಳವೆ ಒಂದೂವರೆ ಮಾರು ಉದ್ದವಿತ್ತು. ದಾಗುರ್ ಅದನ್ನು ಗೋಡೆಯ ಸಮಕ್ಕೆ ಕತ್ತರಿಸಿದ. ಹೊರಲು ಅನುಕೂಲವಾಗಲೆಂದು ಮೂರು ತುಂಡು ಮಾಡಿದ. ಹೊಳೆಯ ಬಾಯಿಗೆ ಎಸೆದ. ಬೂದು ನೀರಿನಲ್ಲಿ ಅದು ಮತ್ತೆ ಕಾಣಲಿಲ್ಲ.

ತೂತಿಗೆ ತಗಡು ಬೆಸೆದು ಒಳಗೆ ಹೋಗಿ ನಿಂತ. ಅಂಥ ಮೌನವನ್ನು ಅವನು ಎಂದೂ ಕೇಳಿರಲಿಲ್ಲ. ತನ್ನ ಉಸಿರಿನ ಸದ್ದೇ ಹನ್ನೊಂದು ಸೆಕೆಂಡು ಆರದೆ ಉಳಿಯಿತು. ಅವನ ಕಣ್ಣು ತೇವವಾಯಿತು.

ಸಂಜೆ ಓಡ್ಡುರ್ ಸಾಮಾನು ಒಯ್ಯಲು ಬಂದ. ಕಿವಿಯೊಳಗೆ ಬೆರಳಾಡಿಸಿದ.

"ಏನೋ ನಿಂತಂತಿದೆಯಲ್ಲ" ಎಂದ. "ನಡುಗಡಲಲ್ಲಿ ಎಂಜಿನ್ ನಿಂತಂತೆ."

"ಗದ್ದಲ ನಿಂತಿದೆ."

"ಹೌದೇ" ಎಂದ ಓಡ್ಡುರ್. ಹೋಗುವಾಗ ಎರಡು ಸಲ ತಿರುಗಿ ನೋಡಿದ.

ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸು ಬಂತು. ಹದಿನೆಂಟು ವಾದಕರು ಇಳಿದರು, ಧ್ವನಿಮುದ್ರಣ ಮಾಡುವವನೂ ಇಳಿದ, ಕೊನೆಯಲ್ಲಿ ಯೋರುನ್.

ಎಲ್ಲರೂ ಟ್ಯಾಂಕಿನೊಳಗೆ ಅರ್ಧವೃತ್ತವಾಗಿ ಕುಳಿತರು. ಮೈಕುಗಳು ನಿಂತವು. ಓಡ್ಡುರ್ ಒಂದು ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದು, ಹೋಗಲು ಮನಸ್ಸಿಲ್ಲದೆ ಬಾಗಿಲ ಬಳಿ ನಿಂತ.

"ಯೋರುನ್" ಎಂದಳು ಹಿರಿಯ ಪಿಟೀಲುವಾದಕಿ, "ಶ್ರುತಿಯನ್ನು ಇಲ್ಲಿಗೆ ಬಂದ ಮೇಲೆ ಸೇರಿಸೋಣ ಎಂದಿದ್ದಿರಿ. ಯಾವುದಕ್ಕೆ ಸೇರಿಸಬೇಕು?"

ಯೋರುನ್ ಉಣ್ಣೆಯ ಟೊಪ್ಪಿಗೆಯನ್ನು ತೆಗೆದರು. ತಲೆಯನ್ನು ಒಂದು ಕಡೆಗೆ ವಾಲಿಸಿ ನಿಂತರು.

"ದಾಗುರ್, ಎಲ್ಲರೂ ಬಂದಿದ್ದಾರೆಯೇ?"

"ಹದಿನೆಂಟು ಮಂದಿಯೂ ಬಂದಿದ್ದಾರೆ."

"ಒಬ್ಬರು ಕಡಿಮೆ."

ದಾಗುರ್ ಮತ್ತೆ ಎಣಿಸಿದ. ಹದಿನೆಂಟೇ ಇದ್ದರು.

ಯೋರುನ್ ಗೋಡೆಯತ್ತ ನಡೆದರು. ತುಕ್ಕಿನ ನಡುವೆ ಹೊಸ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಅಂಗೈ ಇಟ್ಟರು.

"ಇಲ್ಲಿದ್ದದ್ದು?"

"ಕೊಳವೆ. ಮುದ್ರಣಕ್ಕೆ ತೊಂದರೆಯಾಗುತ್ತದೆಂದು ತೆಗೆದೆ." ಅವನು ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸದಂತೆ, ಅವರ ಮುಖದೆದುರು ತುಟಿಯಾಡಿಸಿ ಹೇಳಿದ: "ಹಾರ್ಮೋನಿಯಮ್ಮನ್ನೂ ಸರಿಮಾಡಿದ್ದೇನೆ, ಯೋರುನ್. ನೀವು ಚಿಂತಿಸಬೇಡಿ. ಯಾರಿಗೂ ಗೊತ್ತಾಗುವುದಿಲ್ಲ."

ಯೋರುನ್ ಹಾರ್ಮೋನಿಯಮ್ಮಿನ ಮುಂದೆ ಕುಳಿತರು. ತಿದಿಯೊತ್ತಿ ಒಂದು ಸ್ವರಮನೆಯನ್ನು ಅದುಮಿದರು. ಸ್ವರ ಚೊಕ್ಕವಾಗಿ ಎದ್ದು ಟ್ಯಾಂಕನ್ನು ತುಂಬಿತು.

"ಸರಿಯಾಗಿದೆ" ಎಂದರು. "ಪೂರ್ತಿ ಸರಿಯಾಗಿದೆ."

ಅವರು ಸ್ವರಮನೆಯಿಂದ ಬೆರಳೆತ್ತಿದರು.

"ದಾಗುರ್, ಆ ಕೊಳವೆ ಯಾವ ಸ್ವರ ಹಾಡುತ್ತಿತ್ತು?"

"ಸ್ವರವೇ?"

"ನಾನು ಬರೆದದ್ದೆಲ್ಲ ಅದರ ಮೇಲೆ ನಿಂತಿತ್ತು. ಹಾರ್ಮೋನಿಯಂ ಅದಕ್ಕೆ ಸೇರಿತ್ತು. ಇವರೆಲ್ಲ ಇಂದು ಅದಕ್ಕೇ ಸೇರಬೇಕಿತ್ತು. ಎರಡು ವರ್ಷ ನೀನು ಅದರ ಕೆಳಗೆ ಕೂತು ಬರೆದಿದ್ದೀಯ. ಒಮ್ಮೆ ಹಾಡಿ ತೋರಿಸು."

ದಾಗುರ್ ಬಾಯಿ ತೆರೆದ.

ಅವನ ಕಿವಿ ನಾಡಿನಲ್ಲಿ ಹೆಸರಾದ ಕಿವಿ. ಒಮ್ಮೆ ಕೇಳಿದ ರಾಗವನ್ನು ಅವನು ಹತ್ತು ವರ್ಷದ ನಂತರ ಬರೆದುಕೊಡಬಲ್ಲ. ಎರಡು ವರ್ಷ ಹಗಲೂ ಇರುಳೂ ತನ್ನ ಸುತ್ತ ಇದ್ದ ಆ ಒಂದು ಸ್ವರಕ್ಕಾಗಿ ಅವನು ಒಳಗೆಲ್ಲ ತಡಕಿದ.

ಅಲ್ಲಿ ಏನೂ ಇರಲಿಲ್ಲ. ಮರೆತದ್ದಲ್ಲ ಅದು. ಅವನು ಕೇಳಿಯೇ ಇರಲಿಲ್ಲ.

ತೆರೆದ ಬಾಯಿ ತೆರೆದೇ ಇತ್ತು. ಹದಿನೆಂಟು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀವು" ಎಂದ ಕೊನೆಗೆ. "ನೀವು ಹಾಡಿ, ಯೋರುನ್. ನಿಮಗೆ ನೆನಪಿದೆ."

"ನೆನಪಿದೆ. ಆದರೆ ಹಾಡಿದರೆ ಅದೇ ಬರುತ್ತದೆಯೇ ಎಂದು ನನಗೆ ತಿಳಿಯುವುದಿಲ್ಲ. ನನ್ನ ಕಿವಿ ಹೋಗುತ್ತಿದೆ. ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮೂರು ವರ್ಷದಿಂದ ನಾನು ಆ ಕೊಳವೆಯನ್ನು ಹಿಡಿದುಕೊಂಡು ನಡೆಯುತ್ತಿದ್ದೆ. ಗೋಡೆಗೆ ಕೈಯಿಟ್ಟರೆ ಅದು ಅಂಗೈಗೆ ತಿಳಿಯುತ್ತಿತ್ತು."

ದಾಗುರ್ ತನ್ನ ಕೈಗಳನ್ನು ನೋಡಿಕೊಂಡ. ಕುರುಡನನ್ನು ರಸ್ತೆ ದಾಟಿಸಲು ಹೋಗಿ, ಅಡ್ಡವಾಗುತ್ತದೆಂದು ಅವನ ಕೋಲನ್ನು ಮುರಿದೆಸೆದಂತಾಗಿತ್ತು. ಅದೂ ಮೂರು ತುಂಡಾಗಿ.

ಒಬ್ಬಾಕೆ ಕಮಾನನ್ನು ಮೆಲ್ಲಗೆ ಪೆಟ್ಟಿಗೆಯೊಳಗೆ ಇಟ್ಟಳು. ಆ ಸಪ್ಪಳ ಹನ್ನೊಂದು ಸೆಕೆಂಡು ನಿಂತಿತು.

ಆಗ ಬಾಗಿಲ ಬಳಿ ಓಡ್ಡುರ್, ಏನು ಮಾಡುವುದೆಂದು ತಿಳಿಯದೆ, ಕಾಫಿ ಬಗ್ಗಿಸತೊಡಗಿದ. ಬಗ್ಗಿಸುತ್ತ ಮೂಗಿನಲ್ಲಿ ಗುನುಗಿದ. ಒಂದೇ ಸ್ವರ.

ಯೋರುನ್ ಅವನ ಕಡೆ ತಿರುಗಲಿಲ್ಲ. ಪಕ್ಕದ ಗೋಡೆಗೆ ಕೈಯಾನಿಸಿ ಕುಳಿತಿದ್ದ ಅವರ ಬೆರಳುಗಳು ಅಲುಗಿದವು.

"ಯಾರದು? ನಿಲ್ಲಿಸಬೇಡಿ."

ಓಡ್ಡುರ್ ಥಟ್ಟನೆ ನಿಲ್ಲಿಸಿದ. "ನಾನೇನು ಮಾಡಿದೆ?"

"ಈಗ ಹಾಡಿದೆಯಲ್ಲ."

"ನಾನು ಹಾಡಲಿಲ್ಲ. ಮನೆಯಲ್ಲಿ ಹಾಡಕೂಡದೆಂದು ನನ್ನ ಹೆಂಡತಿ ಇಪ್ಪತ್ತು ವರ್ಷದ ಹಿಂದೆಯೇ ಹೇಳಿದ್ದಾಳೆ."

"ಮೂಗಿನಲ್ಲಿ ಅಂದದ್ದು."

"ಓ, ಅದೇ." ಅವನು ನಾಚಿಕೊಂಡ. "ಕೆಲಸ ಮಾಡುವಾಗ ಬರುತ್ತದೆ. ನಲವತ್ತು ವರ್ಷದಿಂದ ಈ ಟ್ಯಾಂಕು ನನ್ನ ಮನೆಯ ಕಿಟಕಿಯಲ್ಲಿ ಅದನ್ನೇ ಅನ್ನುತ್ತಿದೆ. ನಿನ್ನೆಯಿಂದ ನಿಂತುಹೋಗಿದೆ. ಮನೆ ಬಿಕೋ ಅನ್ನುತ್ತಿತ್ತು. ಅದನ್ನು ನಾನೇ ಗುನುಗಿಕೊಳ್ಳುತ್ತಿದ್ದೇನೆ."

ಯೋರುನ್ ಅವನ ಬಳಿ ಹೋಗಿ ಎದೆಯ ಮೇಲೆ ಅಂಗೈ ಇಟ್ಟರು.

"ಅನ್ನು" ಎಂದರು.

ಅವನು ಅಂದ. ಯೋರುನ್ ಕಣ್ಣು ಮುಚ್ಚಿದರು. ತಲೆಯಾಡಿಸಿದರು.

ಮೊದಲು ದೊಡ್ಡ ಬಾಸ್ ಪಿಟೀಲು ಆ ಎದೆಯಿಂದ ಸ್ವರವನ್ನು ಪಡೆಯಿತು. ಅದರಿಂದ, ಅದಕ್ಕಿಂತ ಸ್ವಲ್ಪ ಚಿಕ್ಕವಾದ ಚೆಲ್ಲೋಗಳು ಪಡೆದವು. ಅವುಗಳಿಂದ ಪಿಟೀಲುಗಳು, ಗಿಟಾರು. ಸಂಗೀತ ತಿಳಿಯದ ಒಬ್ಬ ಎಂಜಿನ್ ಮೆಕ್ಯಾನಿಕನಿಗೆ ಹದಿನೆಂಟು ವಾದ್ಯಗಳು ಶ್ರುತಿ ಸೇರಿದವು. ಓಡ್ಡುರ್‌ನ ಕಾಫಿ ಆರಿಹೋಯಿತು.

ಸೇರಲಾಗದೆ ಉಳಿದದ್ದು ಹಾರ್ಮೋನಿಯಂ ಒಂದೇ.

"ಇದನ್ನೇನು ಮಾಡುವುದು?" ಎಂದಳು ಹಿರಿಯ ಪಿಟೀಲುವಾದಕಿ. "ಇಡೀ ಕೃತಿಯಲ್ಲಿ ನೀವು ನುಡಿಸುವುದು ಇದೊಂದನ್ನೇ."

ಯೋರುನ್ ಸ್ವರಮನೆಗಳ ಮೇಲೆ ಮರದ ಮುಚ್ಚಳವನ್ನು ಎಳೆದರು. ಒಂದು ಮೈಕನ್ನು ತಿದಿಯ ಬಳಿಗೆ ಸರಿಸಿದರು.

"ದಾಗುರ್, ಕೂರು. ಒತ್ತು."

"ಏನನ್ನು ನುಡಿಸಲಿ?"

"ನುಡಿಸಬೇಡ. ಒತ್ತು."

ಅವನು ಕುಳಿತ. ಕಾಲಿನಿಂದ ತಿದಿಯೊತ್ತಿದ. ಹಳೆಯ ಚರ್ಮದ ಸಂದುಗಳಿಂದ ಗಾಳಿ ಸೋರಿತು. ಸ್ವರವಿಲ್ಲ, ಬರಿಯ ಗಾಳಿ.

ಅದರ ಮೇಲೆ ಬಾಸ್ ಎದ್ದಿತು.

ನಲವತ್ತನಾಲ್ಕು ನಿಮಿಷ. ಒಂದೊಂದು ಸ್ವರವನ್ನೂ ತಾನೇ ಬರೆದಿದ್ದ ಕೃತಿಯನ್ನು ದಾಗುರ್ ಅಂದು ಮೊದಲ ಸಲ ಕೇಳಿದ. ಕಾಗದದ ಮೇಲೆ ಅವನಿಗೆ ಕಂಡಿದ್ದುದು ಬೆಟ್ಟ ಮಾತ್ರ. ಈಗ ಬೆಟ್ಟದ ಕೆಳಗಿನ ನೆಲ ಕೇಳಿಸಿತು. ಚೆಲ್ಲೋಗಳು ಹಿಮದಡಿಯ ನೀರಿನಂತೆ ಸರಿದವು. ಪಿಟೀಲುಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟು ಏರಿದವು. ಹನ್ನೊಂದು ಸೆಕೆಂಡಿನ ಹಿಂದಿನ ನಾದ ಈಗಿನ ನಾದವನ್ನು ತಬ್ಬಿಕೊಂಡಿತು. ಟ್ಯಾಂಕಿನ ಉಕ್ಕು ಅವನ ಹಲ್ಲಿನಲ್ಲಿ ನಡುಗಿತು.

ಮೂವತ್ತೆಂಟನೆಯ ನಿಮಿಷದಲ್ಲಿ ಎಲ್ಲವೂ ತುತ್ತತುದಿಗೆ ಬಂದಾಗ ಯೋರುನ್ ಕೈಯೆತ್ತಿದರು. ಹದಿನೆಂಟು ಕಮಾನುಗಳೂ ಒಮ್ಮೆಲೇ ತಂತಿ ಬಿಟ್ಟವು.

ಕಾಗದದಲ್ಲಿ ಹಾಗಿರಲಿಲ್ಲ.

ನಾದ ತಾನಾಗಿ ಆರಿತು. ಆರಿದ ಮೇಲೆ ಉಳಿದದ್ದು ದಾಗುರ್‌ನ ಕಾಲು ಒತ್ತುತ್ತಿದ್ದ ಗಾಳಿ. ಯೋರುನ್ ಕೈ ಇಳಿಸಲಿಲ್ಲ. ಆರು ನಿಮಿಷ ಅದೊಂದೇ.

ಅವನ ತೊಡೆ ಉರಿಯುತ್ತಿತ್ತು. ಅವನು ಒತ್ತುತ್ತಲೇ ಇದ್ದ.

ಬಸ್ಸು ಹೋಯಿತು. ದಾಗುರ್ ಚೀಲ ಕಟ್ಟಿದ. ಯೋರುನ್ ಆ ಚೀಲವನ್ನು ನೋಡಿದರು. ಏನೂ ಹೇಳದೆ ಅದನ್ನು ಎತ್ತಿ ಅವನ ಕೋಣೆಯೊಳಗೆ ಇಟ್ಟು ಬಂದರು.

ಅಂದಿನಿಂದ ಅವರು ಅವನೊಡನೆ ಮಾತಾಡಲಿಲ್ಲ. ಅವನು ಕಡಲು ತಂದೆಸೆದ ಕಟ್ಟಿಗೆಯನ್ನು ಆರಿಸಿ ತಂದ, ಒಲೆ ಹೊತ್ತಿಸಿದ, ಒಣಮೀನಿಗೆ ಬೆಣ್ಣೆ ಸವರಿ ಎದುರಿಗಿಟ್ಟ. ಅವರು ತಿಂದರು. ತಟ್ಟೆ ಹಿಂದಕ್ಕೆ ಕೊಟ್ಟರು. ಅಷ್ಟೇ.

ಸೆಪ್ಟೆಂಬರಿನಲ್ಲಿ ಆಲ್ಬಂನ ಮೊದಲ ಪ್ರತಿ ಅಂಚೆಯಲ್ಲಿ ಬಂತು. ಹೊದಿಕೆಯ ಮೇಲೆ ಬೂದು ನೀರಿನ ಚಿತ್ರ. ಹಿಂಬದಿಯಲ್ಲಿ ಹೆಸರುಗಳು. ಹದಿನೆಂಟು ವಾದಕರ ಹೆಸರು. ಅವುಗಳ ಕೆಳಗೆ ಎರಡು ಸಾಲು.

ಶ್ರುತಿ: ಓಡ್ಡುರ್.

ಗಾಳಿ: ದಾಗುರ್.

ಅವನು ಬೆರಳಿನಿಂದ ತನ್ನ ಹೆಸರನ್ನು ಮುಚ್ಚಿದ.

"ಇದು ನನಗೆ ಬೇಡ, ಯೋರುನ್. ನಾನು ಗಾಳಿಯ ಬಾಯಿ ಮುಚ್ಚಿದವನು. ನನ್ನ ಹೆಸರನ್ನು ತೆಗೆಸಿ."

ಯೋರುನ್ ಕನ್ನಡಕ ತೆಗೆದರು.

"ನಾನು ನಿನ್ನೊಡನೆ ಮಾತು ಬಿಟ್ಟು ಎಷ್ಟು ದಿನವಾಯಿತು?"

"ಮೂವತ್ತೆಂಟು."

"ನನ್ನ ಗುರುಗಳು ನನ್ನೊಡನೆ ಎರಡು ತಿಂಗಳು ಮಾತಾಡಲಿಲ್ಲ. ನನಗೆ ಅವರಷ್ಟು ಶಕ್ತಿಯಿಲ್ಲ."

"ನಿಮ್ಮೊಡನೆಯೇ? ಏಕೆ?"

"ಈ ನಾಡಿನಲ್ಲಿ ಗಾಳಿ ಕೇಳಿಸದ ಜಾಗವೊಂದನ್ನು ಅವರು ಮೂವತ್ತು ವರ್ಷ ಹುಡುಕಿದರು. ಕೊನೆಗೆ ಈ ಟ್ಯಾಂಕು ಸಿಕ್ಕಿತು. ಆಗ ಆ ಕೊಳವೆ ಉದ್ದವಾಗಿತ್ತು, ತುದಿ ಮುಚ್ಚಿತ್ತು. ಒಳಗೆ ಪೂರ್ತಿ ಮೌನ. ಅವರು ಅತ್ತರಂತೆ. ಹಾರ್ಮೋನಿಯಮ್ಮನ್ನು ಇಲ್ಲಿಗೆ ತರಲು ನನಗೆ ಹೇಳಿದರು. ನಾನು ಲಾರಿಯಲ್ಲಿ ತಂದೆ. ಇಪ್ಪತ್ತಾರು ವರ್ಷ ನನಗೆ. ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಕೊಳವೆಗೆ ಗುದ್ದಿದೆ. ಅದು ಮುರಿಯಿತು. ಗುಂಯ್‌ ಎಂದಿತು. ಮತ್ತೆ ನಿಲ್ಲಲೇ ಇಲ್ಲ."

ದಾಗುರ್ ಆಲ್ಬಂ ಕೆಳಗಿಟ್ಟ.

"ಅದನ್ನು ಮುರಿದವರು ನೀವೇ?" ಎಂದ.

"ನಾನೇ."

"ಎರಡು ತಿಂಗಳ ನಂತರ ಅವರು ಏನೆಂದರು?"

"ಏನೂ ಅನ್ನಲಿಲ್ಲ. ಒಂದು ಬೆಳಿಗ್ಗೆ ಸಣ್ಣದೊಂದು ಅರ ಹಿಡಿದು ಬಂದರು. ಹಾರ್ಮೋನಿಯಮ್ಮಿನ ಹಿಂಬದಿಯನ್ನು ಬಿಚ್ಚಿದರು. ಒಂದೊಂದೇ ನಾಲಿಗೆಯ ಬುಡ ಉಜ್ಜಿ, ನನ್ನ ಆ ಮುರಿದ ಸ್ವರಕ್ಕೆ ಅದನ್ನು ಇಳಿಸಿದರು. ಅರವತ್ತೊಂದು ನಾಲಿಗೆ. ಒಂಬತ್ತು ದಿನ."

ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಅರ. ಕೈಬೆವರಿನಿಂದ ಕಪ್ಪಾಗಿದ್ದ ಹಿಡಿ.

ದಾಗುರ್ ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟ. ಒಂಬತ್ತು ದಿನದ ಆ ಕೆಲಸವನ್ನು ಅವನು ಅದೇ ಅರದಿಂದ ಎರಡು ದಿನದಲ್ಲಿ ಅಳಿಸಿದ್ದ.

"ನಾನೇನು ಮಾಡಲಿ, ಯೋರುನ್?"

"ಓಡ್ಡುರ್‌ನ ಹತ್ತಿರ ಹಳೆಯ ಕೊಳವೆಗಳು ಬಿದ್ದಿವೆ."

"ಎಷ್ಟು ಉದ್ದ ಕತ್ತರಿಸಬೇಕು?"

"ನನ್ನನ್ನೇನು ಕೇಳುತ್ತೀಯ? ನಾನು ಲಾರಿಯಿಂದ ಕತ್ತರಿಸಿದವಳು."

ಓಡ್ಡುರ್ ಒಂದು ದೋಣಿಯ ಹೊಗೆಕೊಳವೆಯನ್ನು ಕೊಟ್ಟ. ದಾಗುರ್ ಅದನ್ನು ಅಳೆಯಲಿಲ್ಲ. ತಗಡನ್ನು ಕತ್ತರಿಸಿ, ಕೊಳವೆಯನ್ನು ಗೋಡೆಗೆ ಬೆಸೆದು, ಒಳಗೆ ಬಂದು ಗುರುವಿನ ಪಕ್ಕದಲ್ಲಿ ನಿಂತ. ಗಾಳಿ ಕಡಲ ಕಡೆಯಿಂದ ಬಂತು.

ಹೊಸ ಸ್ವರವೊಂದು ಎದ್ದಿತು. ಅದು ಓಡ್ಡುರ್‌ನ ಎದೆಯಲ್ಲಿದ್ದ ಸ್ವರವಲ್ಲ. ಶ್ರುತಿಕವೆಯ ಸ್ವರವೂ ಅಲ್ಲ. ಒರಟಾಗಿತ್ತು, ಅಂಚಿನಲ್ಲಿ ಸ್ವಲ್ಪ ಸೀಳಿತ್ತು. ಜಗತ್ತಿನ ಯಾವ ವಾದ್ಯಕ್ಕೂ ಅದು ಸೇರುವಂತಿರಲಿಲ್ಲ.

ದಾಗುರ್ ಕಣ್ಣು ಮುಚ್ಚಿ ಕೇಳಿದ. ಯಾರೂ ಹೇಳದೆಯೇ, ಮೂಗಿನಲ್ಲಿ ಅದನ್ನು ಅಂದ.

ಯೋರುನ್ ಅವನ ಎದೆಯ ಮೇಲೆ ಒಂದು ಅಂಗೈ ಇಟ್ಟರು. ಇನ್ನೊಂದನ್ನು ಗೋಡೆಯ ಮೇಲಿಟ್ಟರು. ಎರಡನ್ನೂ ಬಹಳ ಹೊತ್ತು ತೆಗೆಯಲಿಲ್ಲ.

"ಆ ಅರ ಎಲ್ಲಿಟ್ಟಿದ್ದೀಯ?" ಎಂದರು. "ತೆಗೆದುಕೊಂಡು ಬಾ."